ಎಳ್ಳಿನಷ್ಟು ಚುಕ್ಕೆ

ಬೀದಿಯವರೆಲ್ಲ ಅವಳನ್ನು ಕಣ್ಣಕ್ಕ ಎಂದೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಅಗಲವಾದ ಒಂದು ಕಿಟಕಿಯ ಕೋಣೆಯಲ್ಲಿ ಅವಳು ಕೃತಕ ಕಣ್ಣುಗಳನ್ನು ಮಾಡುತ್ತಿದ್ದಳು. ಅಪಘಾತಕ್ಕೋ ಕಾಯಿಲೆಗೋ ಒಂದು ಕಣ್ಣು ಕಳೆದುಕೊಂಡವರು ಆಸ್ಪತ್ರೆಯವರು ಹೇಳಿದ ಗುರುತು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಬರುವಾಗ ಮುಖ ಓರೆ ಮಾಡಿಕೊಂಡು ಬಂದವರು, ಕೆಲಸ ಮುಗಿದ ದಿನ ಎದುರಿಗಿದ್ದವರನ್ನು ನೆಟ್ಟಗೆ ನೋಡುತ್ತ ಇಳಿದು ಹೋಗುತ್ತಿದ್ದರು. ಕೆಳಗೆ ಕನ್ನಡಕದಣ್ಣ ಅವರನ್ನು ನಿಲ್ಲಿಸಿ, ‘ಮೇಲೆ ಒಂದು ಕಣ್ಣು ತಗೊಂಡ್ರೆ ಕೆಳಗೆ ಒಂದು ಗಾಜು ತಗೋಬೇಕು, ಅದು ಈ ಕಟ್ಟಡದ ಕಾನೂನು’ ಎಂದು ನಗಿಸುತ್ತಿದ್ದ.

ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಕಣ್ಣಿನ ಗೂಡಿನ ಅಚ್ಚು ತೆಗೆಯುವುದು. ಅದರಿಂದ ಮೇಣದ ರೂಪ, ಮೇಣದಿಂದ ಗಟ್ಟಿ ಗಾರೆಯ ಅಚ್ಚು, ಆ ಅಚ್ಚಿನಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಗುಡ್ಡೆ. ಕೆಂಪು ರೇಷ್ಮೆ ದಾರದಿಂದ ಒಂದೊಂದೇ ಎಳೆ ಬಿಡಿಸಿ ಬಿಳಿಯ ಮೇಲೆ ಅಂಟಿಸಿದರೆ ಅದೇ ರಕ್ತನಾಳ. ಪಾಪೆಯ ಸುತ್ತಲಿನ ಬಣ್ಣದ ವೃತ್ತವನ್ನು ಮಾತ್ರ ಕುಂಚದಲ್ಲಿ ಬರೆಯಬೇಕು. ಕೊನೆಗೆ ಮೇಲೊಂದು ತಿಳಿಯಾದ ಪದರ ಹಾಕಿ, ಬಿಸಿನೀರಿನಲ್ಲಿ ಗಟ್ಟಿ ಮಾಡಿ, ಉಜ್ಜಿ ಹೊಳಪು ಕೊಟ್ಟರೆ ಕಣ್ಣು ತಯಾರು. ಗಾರೆಯ ಅಚ್ಚುಗಳನ್ನು ಅವಳು ಎಸೆಯುತ್ತಿರಲಿಲ್ಲ. ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದಳು. ಯಾವ ಅಚ್ಚು ಯಾರದೆಂದು ಅವಳಿಗೆ ನೋಡಿದೊಡನೆ ಗೊತ್ತಾಗುತ್ತಿತ್ತು.

ಗಂಡ ದೂರದೂರಿಗೆ ಲಾರಿ ಓಡಿಸುವವನು. ಬಂದರೆ ಮನೆಯ ನೆಂಟ, ಹೋದರೆ ಫೋನಿನೊಳಗಿನ ದನಿ. ಮನೆ, ಕೆಲಸ, ಎರಡನೇ ತರಗತಿಯ ಮಗಳು ಎಲ್ಲವೂ ಅವಳೊಬ್ಬಳ ಹೆಗಲ ಮೇಲೆ. ತಿಂದದ್ದೆಲ್ಲ ಎಲ್ಲಿ ಹೋಗುತ್ತದೆಂದೇ ತಿಳಿಯದಷ್ಟು ತೆಳ್ಳಗಿದ್ದ ಮಗಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ಅವಳನ್ನು ಬಿಟ್ಟುಹೋಗಲು ಬೇರೆ ಜಾಗವಿಲ್ಲದೆ ಅಮ್ಮ ಕೆಲಸದ ಕೋಣೆಗೇ ಕರೆತರುತ್ತಿದ್ದಳು.

ದುಡಿಯುವ ಜನಕ್ಕೆ ಗಂಟೆಗಟ್ಟಲೆ ಎದುರು ಕೂರುವ ಪುರುಸೊತ್ತು ಎಲ್ಲಿಯದು? ಉಳಿದ ಕಣ್ಣಿನ ಬಣ್ಣಕ್ಕೆ ಸರಿಹೊಂದುವ ಬಣ್ಣ ಕಲಸಿಕೊಳ್ಳುವವರೆಗೆ ಕೂತು, ಆಮೇಲೆ ಹೊರಟುಬಿಡುತ್ತಿದ್ದರು. ಆದರೆ ಕಣ್ಣಿನ ಆಳ, ತೇವ, ಬೆಳಕು ಒಳಗೆ ಇಳಿಯುವ ಬಗೆ, ಇವು ಎದುರಿಗೊಂದು ಜೀವಂತ ಕಣ್ಣಿಲ್ಲದೆ ಕುಂಚಕ್ಕೆ ದಕ್ಕುವುದಿಲ್ಲ. ಆ ರಜೆಯಲ್ಲಿ ಅಂಥ ಹೊತ್ತಿಗೆ ಅವಳು ಕಡ್ಡಿಯನ್ನು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಅದೊಂದು ಆಟ. ಮೊದಲು ರೆಪ್ಪೆ ಬಡಿದವರು ಸೋತಂತೆ. ಕುಂಚ ನೋಡಲು ಕಣ್ಣು ತಗ್ಗಿಸಲೇಬೇಕಾದ ಅಮ್ಮ ಪ್ರತಿಸಲವೂ ಸೋಲುತ್ತಿದ್ದಳು. ಗೆದ್ದ ಕಡ್ಡಿಗೆ ಬಹುಮಾನವೆಂದರೆ ಕೆಂಪು ರೇಷ್ಮೆಯಿಂದ ಎಳೆ ಬಿಡಿಸುವ ಕೆಲಸ. ಉಸಿರು ಬಿಗಿಹಿಡಿದು, ನಾಲಿಗೆಯ ತುದಿ ಹೊರಗೆ ಚಾಚಿ, ಮಗಳು ಎಳೆ ಬಿಡಿಸುವುದನ್ನು ನೋಡುವಾಗ ಅಮ್ಮನಿಗೆ ದಿನದ ಸುಸ್ತೆಲ್ಲ ಇಳಿದುಹೋಗುತ್ತಿತ್ತು.

ಕಡ್ಡಿಯ ಎಡಗಣ್ಣಿನಲ್ಲಿ, ಕಂದು ವೃತ್ತದ ಕೆಳಭಾಗದಲ್ಲಿ, ಎಳ್ಳಿನಷ್ಟು ಗಾತ್ರದ ಜೇನುಬಣ್ಣದ ಚುಕ್ಕೆಯೊಂದಿತ್ತು. ಹುಟ್ಟಿನಿಂದ ಬಂದದ್ದು. ದಿನವೂ ನೋಡುತ್ತಿದ್ದುದರಿಂದ ಅಮ್ಮನಿಗೆ ಅದು ಕಾಣಿಸುವುದೇ ನಿಂತುಹೋಗಿತ್ತು.

ಶಾಲೆ ಶುರುವಾದ ಮೇಲೆ ಗಿರಾಕಿಗಳೇ ಬಿಡುವು ಮಾಡಿಕೊಂಡು ಬಂದು ಕೂರತೊಡಗಿದರು. ಕೆಲಸ ಮತ್ತೆ ಹಳೆಯ ದಾರಿಗೆ ಬಿತ್ತು. ದಾರಿ ತಪ್ಪಿದ್ದು ಕಡ್ಡಿಯ ನಿದ್ದೆ. ರಾತ್ರಿ ಕಣ್ಣು ಮುಚ್ಚಿಕೊಂಡೇ ಮಲಗಿರುತ್ತಿದ್ದಳು, ಆದರೆ ನಿದ್ದೆಯಲ್ಲಿರುತ್ತಿರಲಿಲ್ಲ. ಕೇಳಿದರೆ, ‘ಬೆಳಕು’ ಎನ್ನುತ್ತಿದ್ದಳು. ಅಮ್ಮ ದೀಪ ಆರಿಸಿದಳು, ಕಿಟಕಿಗೆ ದಪ್ಪ ಪರದೆ ಹಾಕಿದಳು, ಗಡಿಯಾರದ ಹಸಿರು ಅಂಕಿಗಳ ಮೇಲೂ ಬಟ್ಟೆ ಹೊದಿಸಿದಳು. ಆದರೂ ಬೆಳಕಂತೆ. ಡಾಕ್ಟರು ನಾಲಿಗೆ ನೋಡಿ ಹೊಟ್ಟೆಹುಳದ ಔಷಧಿ ಬರೆದುಕೊಟ್ಟರು. ತರಗತಿಯಲ್ಲಿ ಕಡ್ಡಿ ಡೆಸ್ಕಿಗೆ ಹಣೆ ಹಚ್ಚಿ ತೂಕಡಿಸುತ್ತಾಳೆಂದು ಟೀಚರ್ ಹೇಳಿಕಳಿಸಿದರು. ಒಂದು ಸಂಜೆ ರಸ್ತೆ ದಾಟುವಾಗ ಅಮ್ಮನ ಕೈಯಿಂದ ಜಾರಿ ನಡುರಸ್ತೆಯಲ್ಲಿ ನಿಂತೇಬಿಟ್ಟಳು. ಬಸ್ಸಿನವನು ಬ್ರೇಕು ಹಾಕಿದ ಸದ್ದಿಗೆ ಅಮ್ಮನ ಜೀವ ಬಾಯಿಗೆ ಬಂತು. ಮಗಳ ಕೆನ್ನೆ ಬತ್ತಿ, ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಹೀಗೇ ಬಿಟ್ಟರೆ ಒಂದು ದಿನ ಬ್ರೇಕು ಹಿಡಿಯುವುದಿಲ್ಲ ಎಂಬ ಯೋಚನೆ ಅವಳ ಎದೆಯೊಳಗೆ ಮುಳ್ಳಿನಂತೆ ಕೂತಿತು.

ಆ ಗಡಿಬಿಡಿಯಲ್ಲೇ ಡಬ್ಬಿಗಳು ಅದಲುಬದಲಾದವು.

ರಜೆಯಲ್ಲಿ ಅವಳು ಮಾಡಿಕೊಟ್ಟಿದ್ದ ಬಡಗಿಯ ಕೃತಕ ಕಣ್ಣಿಗೆ ಮರದ ಪುಡಿ ತಾಗಿ ಗೀರು ಬಿದ್ದಿತ್ತು. ಹೊಳಪು ಹಾಕಿಸಲೆಂದು ಕೊಟ್ಟುಹೋಗಿದ್ದ. ಅವಳು ಹಿಂದಿನ ಸಂಜೆಯೇ ಮುಗಿಸಿ, ಹತ್ತಿಯ ಮೇಲಿಟ್ಟು, ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮನೆಗೆ ತಂದಿದ್ದಳು. ಬೆಳಿಗ್ಗೆ ಅದೇ ಅಳತೆಯ ಇನ್ನೊಂದು ಡಬ್ಬಿಗೆ ಕಡ್ಡಿಯ ಊಟ ತುಂಬಿದಳು: ಬ್ರೆಡ್ಡು, ಜೊತೆಗೊಂದು ಬೇಯಿಸಿದ ಮೊಟ್ಟೆ. ಶಾಲೆಯ ಚೀಲಕ್ಕೊಂದು, ಬಡಗಿ ಬಂದರೆ ಕೊಡಲೆಂದು ಕನ್ನಡಕದಣ್ಣನ ಕೈಗೊಂದು.

ಮಧ್ಯಾಹ್ನಕ್ಕೆ ಬಡಗಿಯ ಫೋನು ಬಂತು. ‘ಅಕ್ಕಾ, ಹಾಕ್ಕೊಂಡು ನೋಡಿದೆ. ಸ್ವಲ್ಪ ದಪ್ಪ ಆಯ್ತು.’ ಅವಳಿಗೆ ಅರ್ಥವಾಗಲಿಲ್ಲ. ಅವನು ನಗು ತಡೆದುಕೊಂಡು, ‘ಉಪ್ಪೂ ಕಮ್ಮಿ ಇತ್ತು ನೋಡಿ’ ಎಂದ. ತಾನು ಏನು ಮಾಡಿದೆನೆಂದು ಹೊಳೆದಾಗ ಅವಳು ಹಣೆ ಚಚ್ಚಿಕೊಂಡಳು. ಮೊಟ್ಟೆ ತಿಂದವನು ನಗಬಹುದು. ಶಾಲೆಯಲ್ಲಿ ಆ ಡಬ್ಬಿ ತೆರೆದವಳ ಗತಿ?

ಓಡಿಹೋದಳು. ಟೀಚರ್ ಡಬ್ಬಿಯನ್ನು ಮೇಜಿನ ಮೇಲೆ, ಆದಷ್ಟು ದೂರಕ್ಕೆ ಸರಿಸಿ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಕೂತಿದ್ದ ಹುಡುಗಿ ಕಿರುಚಿ ಇಡೀ ತರಗತಿ ಬೆಂಚು ಹತ್ತಿತ್ತಂತೆ. ಕಡ್ಡಿ ಮಾತ್ರ ಅಲುಗಾಡಲಿಲ್ಲವಂತೆ. ‘ನಿಮ್ಮ ಮಗಳು ಗಟ್ಟಿಗಿತ್ತಿ ಬಿಡಿ,’ ಎಂದು ಟೀಚರ್ ನಕ್ಕರು. ‘ಹೆದರಬೇಡಿ, ಇದು ನನ್ನ ಕಣ್ಣು ಅಂತ ಎಲ್ಲರಿಗೂ ಸಮಾಧಾನ ಹೇಳ್ತಿದ್ಲು.’

ಅಮ್ಮನೂ ನಕ್ಕಳು. ಡಬ್ಬಿ ಹಿಡಿದು, ಮಗಳನ್ನು ಕರೆದುಕೊಂಡು ಕೆಲಸದ ಕೋಣೆಗೆ ಬಂದಳು. ಗೀರೇನಾದರೂ ಬಿದ್ದಿದೆಯೇ ಎಂದು ಆ ಕಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ಗೀರಿರಲಿಲ್ಲ. ಕಂದು ವೃತ್ತದ ಕೆಳಭಾಗದಲ್ಲಿ ಎಳ್ಳಿನಷ್ಟು ಜೇನುಬಣ್ಣದ ಚುಕ್ಕೆ ಇತ್ತು.

ಬಡಗಿಯ ಇನ್ನೊಂದು ಕಣ್ಣಿನಲ್ಲಿ ಅಂಥ ಚುಕ್ಕೆಯಿಲ್ಲ. ಅವಳು ಅದನ್ನು ಬೇಕೆಂದು ಬರೆದದ್ದೂ ಅಲ್ಲ. ಎದುರಿಗೆ ಕಂಡದ್ದನ್ನು ಕೈ ತನ್ನ ಪಾಡಿಗೆ ಬರೆದಿತ್ತು. ಕೆಲಸ ಕಲಿಸಿದವರು ಕೇಳಿದ್ದರೆ ಬೈಯುತ್ತಿದ್ದ ತಪ್ಪು. ಆದರೆ ಇಂಥ ತಪ್ಪು ಯಾವ ಕೈಯಿಂದಲಾದರೂ ಆಗಬಹುದು ಎಂದುಕೊಂಡು ಅವಳು ಕಣ್ಣನ್ನು ಮತ್ತೆ ಹತ್ತಿಯ ಮೇಲಿಟ್ಟಳು.

ಮೂಲೆಯ ಚಾಪೆಯ ಮೇಲೆ ಆ ಕಡೆ ಗೋಡೆಗೆ ಮುಖ ಮಾಡಿ ಮಲಗಿದ್ದ ಕಡ್ಡಿ ಹೇಳಿದಳು: ‘ಡಬ್ಬಿ ಮುಚ್ಚಮ್ಮ. ನೀನು ಕಾಣ್ತಾ ಇದೀಯ.’

ಅಮ್ಮ ಮಗಳತ್ತ ನೋಡಿದಳು. ಮಗಳ ಬೆನ್ನು ಇತ್ತ ಇತ್ತು. ಬಗ್ಗಿ ನೋಡಿದರೆ ಕಣ್ಣು ಮುಚ್ಚಿತ್ತು. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಕಡ್ಡಿಯ ಬಾಯಿಂದ ಭಾರ ಇಳಿಸಿದಂಥ ಒಂದು ಉಸಿರು ಬಂತು. ಸ್ವಲ್ಪ ಹೊತ್ತಿಗೆ ಅವಳು ನಿಜವಾಗಿಯೂ ನಿದ್ದೆಗೆ ಜಾರಿ, ಬಾಗಿಲ ಕಡೆಗೆ ಹೊರಳಿದಳು.

ಅಮ್ಮ ಯಾವುದನ್ನೂ ಒಂದೇಟಿಗೆ ನಂಬುವವಳಲ್ಲ. ಬಣ್ಣ ಒಣಗಿದ ಮೇಲೆ ಬೇರೆಯಾಗಿ ಕಾಣುತ್ತದೆಂದು ಎರಡೆರಡು ಸಲ ಪರೀಕ್ಷಿಸಿ ಅಭ್ಯಾಸವಾದವಳು. ಸದ್ದಾಗದಂತೆ ಡಬ್ಬಿಯನ್ನು ಹೊರಗಿನ ಮೆಟ್ಟಿಲಿಗೆ ಒಯ್ದು, ಬಾಗಿಲ ಸಂದಿಯಿಂದ ಮಗಳನ್ನು ನೋಡುತ್ತ, ಮುಚ್ಚಳ ಎತ್ತಿದಳು. ಕಡ್ಡಿಯ ಹುಬ್ಬು ಗಂಟಿಕ್ಕಿತು, ಕೈ ಮುಖಕ್ಕೆ ಅಡ್ಡ ಬಂತು. ಮುಚ್ಚಿದಳು. ಹುಬ್ಬು ಸಡಿಲಿತು. ಒಮ್ಮೆ ಆದದ್ದು ಕಾಕತಾಳೀಯವಿರಬಹುದು ಎಂದುಕೊಂಡು ಮತ್ತೆ ಎತ್ತಿದಳು. ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಎತ್ತಲು ಕೈ ಬರಲಿಲ್ಲ.

ಎದ್ದ ಮೇಲೆ ಕಡ್ಡಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಎಲ್ಲರಿಗೂ ಹೀಗೇ ಇರುತ್ತದೆಂದು ತಿಳಿದಿದ್ದರಿಂದ ಇಷ್ಟು ದಿನ ಹೇಳಿರಲಿಲ್ಲ. ಎಚ್ಚರವಿದ್ದಾಗ ಅಷ್ಟು ತೊಂದರೆಯಿಲ್ಲ, ತನ್ನ ಕಣ್ಣು ಮುಚ್ಚಿದಾಗಲೇ ಅಮ್ಮ ಬರೆದ ಆ ಕಣ್ಣುಗಳು ಕಂಡದ್ದೆಲ್ಲ ಕಾಣತೊಡಗುವುದು.

‘ಬಡಗಿ ಮಾಮನ ಮನೇಲಿ ಫ್ಯಾನು. ಇಡೀ ರಾತ್ರಿ ತಿರುಗುತ್ತೆ, ಒಂದು ರೆಕ್ಕೆ ಸೊಟ್ಟ. ಟೈಲರ್ ಆಂಟೀದು ಬೀದಿದೀಪ. ಸಂಗೀತದ ಸರ್‌ದು ಮೀನಿನ ತೊಟ್ಟಿ. ಮೀನು ನಿದ್ದೇನೇ ಮಾಡಲ್ಲಮ್ಮ.’

‘ಇನ್ಯಾರು?’

‘ವಾಚ್‌ಮನ್ ತಾತ. ಅವರದು ಒಳ್ಳೇದು. ಏನೂ ಇಲ್ಲ, ಬರೀ ಕತ್ತಲೆ. ಅದನ್ನೇ ನೋಡ್ತಾ ಇದ್ರೆ ನಿದ್ದೆ ಬರುತ್ತೆ. ಆದ್ರೆ ಉಳಿದವರು ಬಿಡಲ್ಲ.’

ಅಮ್ಮ ಕಪಾಟಿನ ಮುಂದೆ ನಿಂತಳು. ರಜೆಯಲ್ಲಿ ಕಡ್ಡಿಯನ್ನು ಎದುರು ಕೂರಿಸಿಕೊಂಡು ಬರೆದ ಕಣ್ಣುಗಳು ಆ ನಾಲ್ಕೇ. ನಾಲ್ಕು ಅಚ್ಚುಗಳೂ ಅಲ್ಲಿದ್ದವು. ಕೃತಕ ಕಣ್ಣಿನ ಮೇಲೆ ಕೆಲವರ ರೆಪ್ಪೆ ಪೂರ್ತಿ ಇಳಿಯುವುದಿಲ್ಲ. ಅವರು ಗೊರಕೆ ಹೊಡೆಯುತ್ತಿದ್ದರೂ ಆ ಕಣ್ಣು ಅರೆ ತೆರೆದೇ ಇರುತ್ತದೆ. ಅದು ಅವಳಿಗೆ ಗೊತ್ತಿದ್ದ ಸಂಗತಿ. ಮಗು ಈ ಕೋಣೆಯಲ್ಲಿ ಕೂತು ಅವರಿವರ ಮಾತು ಕೇಳಿ ಮನಸ್ಸಿಗೆ ಹಚ್ಚಿಕೊಂಡಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಬಡಗಿಯ ಕಣ್ಣನ್ನು ಉಜ್ಜುವ ಯಂತ್ರಕ್ಕೆ ಹಿಡಿದಳು.

ಚುಕ್ಕೆ ತೆಗೆಯಬೇಕಾದರೆ ಮೇಲಿನ ತಿಳಿ ಪದರವನ್ನು ಸವೆಸಿ, ಬಣ್ಣ ಕೆರೆದು, ಹೊಸದಾಗಿ ಬರೆದು, ಮತ್ತೆ ಪದರ ಹಾಕಬೇಕು. ಚಕ್ರ ತಾಗುವ ಮೊದಲು ಅವಳು ಮಗಳನ್ನು ಕೇಳಿದಳು, ‘ನೋಯುತ್ತಾ?’

‘ಇಲ್ಲ,’ ಎಂದಳು ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಕಡ್ಡಿ. ಪದರ ಸವೆದು ಗುಡ್ಡೆ ಮಸುಕಾಗತೊಡಗಿದಾಗ, ‘ಮಂಜು ಬಂತು’ ಎಂದಳು. ಅಮ್ಮ ಸೂಜಿಯಷ್ಟು ಸಣ್ಣ ಮೊನೆಯಿಂದ ಜೇನುಬಣ್ಣವನ್ನು ಕೆರೆದಳು. ಮಗಳು ಕಣ್ಣು ತೆರೆಯದೆಯೇ, ‘ಹೋಯ್ತು’ ಎಂದಳು.

ಕಣ್ಣನ್ನು ಈ ಸಲ ಅವಳೇ ಬಡಗಿಯ ಮನೆಗೆ ಒಯ್ದಳು. ಮೊಟ್ಟೆಯ ಕಥೆ ಆಗಲೇ ಓಣಿಯ ತುಂಬ ಹರಡಿತ್ತು. ಬಡಗಿ ತಿದ್ದಿದ ಕಣ್ಣು ಹಾಕಿಕೊಂಡು ಕನ್ನಡಿ ನೋಡುವಾಗ ಅವನ ಹೆಂಡತಿ ಅವಳನ್ನು ಪಕ್ಕಕ್ಕೆ ಕರೆದು, ‘ಇವರು ಮಲಗಿದ್ರೂ ಆ ಒಂದು ಕಣ್ಣು ಮುಚ್ಚಲ್ಲ ಕಣಕ್ಕ. ಮೊದಮೊದಲು ನಂಗೇನೂ ಅನಿಸ್ತಿರಲಿಲ್ಲ. ಈಚೆಗೆ ಅದು ನೋಡ್ತಿದೆ ಅನಿಸ್ತಿತ್ತು’ ಎಂದಳು. ಕಣ್ಣಕ್ಕ ಹೂಂಗುಟ್ಟಿದಳು. ಮಲಗುವ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಒಂದು ರೆಕ್ಕೆ ಸೊಟ್ಟಗಿತ್ತು. ಕಣ್ಣಕ್ಕ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಟೈಲರಮ್ಮನನ್ನೂ ಸಂಗೀತದ ಮೇಷ್ಟ್ರನ್ನೂ ಬಿಟ್ಟಿ ಹೊಳಪು ಹಾಕಿಕೊಡುತ್ತೇನೆಂದು ಕರೆಸಿದಳು. ಟೈಲರಮ್ಮ ಬಾಗಿಲಲ್ಲಿ ನಿಂತು ನಕ್ಕಾಗ ಕಣ್ಣಕ್ಕ ಕೈಯಲ್ಲಿದ್ದ ಕುಂಚ ಕೆಳಗಿಟ್ಟಳು. ನಡುವಯಸ್ಸಿನ ಆ ದಪ್ಪ ಮುಖದೊಳಗಿಂದ ಕಡ್ಡಿ ಅವಳನ್ನು ನೋಡುತ್ತಿದ್ದಳು, ಆಟದಲ್ಲಿ ನೋಡುತ್ತಿದ್ದಂತೆಯೇ, ರೆಪ್ಪೆ ಬಡಿಯದೆ. ‘ಏನೇ ಹಾಗೆ ನೋಡ್ತೀಯ, ನಂಗೇನು ಕೊಂಬು ಬಂದಿದ್ಯಾ?’ ಎಂದು ಟೈಲರಮ್ಮ ಕೇಳಿದಳು. ಕಣ್ಣಕ್ಕ ಏನೋ ಹೇಳಿ ತೇಲಿಸಿದಳು. ಚುಕ್ಕೆ ಹೋದ ಮೇಲೆ ಆ ಮುಖದಲ್ಲಿ ಟೈಲರಮ್ಮ ಒಬ್ಬಳೇ ಉಳಿದಳು.

ಸಂಗೀತದ ಮೇಷ್ಟ್ರು ಒಂಟಿಯಾಗಿ ಬದುಕುವವರು. ಕಣ್ಣು ತೆಗೆದು ಕೊಡುವಾಗ ಯಾಕೋ ಕೈ ಹಿಂದೆಗೆದರು. ‘ಇದನ್ನ ಹಾಗೇ ಬಿಡಬಾರದೇನಮ್ಮ?’ ಎಂದರು. ಗೀರು ಬಿದ್ದಿದೆ ಎಂದು ಅವಳು ಸುಳ್ಳು ಹೇಳಿದಳು. ಅವರು ಸ್ವಲ್ಪ ಹೊತ್ತು ಅಂಗೈ ಮೇಲಿನ ಕಣ್ಣನ್ನೇ ನೋಡಿದರು. ‘ಹುಚ್ಚು ಅಂತೀಯೇನೋ. ಇದು ಬಂದಾಗಿನಿಂದ ಮನೇಲಿ ಒಂದು ಮಗು ಇದ್ದ ಹಾಗೆ ಅನಿಸ್ತಿತ್ತು. ಮೀನಿಗೆ ಕಾಳು ಹಾಕುವಾಗ ಅದಕ್ಕೆ ಕಾಣಲಿ ಅಂತ ಒಂದು ಕಡೆ ಸರಿದು ನಿಲ್ತಿದ್ದೆ.’

ಆದರೂ ಅವಳು ಕೈ ಚಾಚಿದಳು. ಅವರು ಕೊಟ್ಟರು.

ಅಂದಿನಿಂದ ಕಡ್ಡಿ ಮಲಗತೊಡಗಿದಳು. ತಲೆ ದಿಂಬಿಗೆ ತಾಗಿದರೆ ಸಾಕು, ಎಬ್ಬಿಸುವವರೆಗೆ ಎಚ್ಚರವಿಲ್ಲ. ಟೀಚರ್ ಈಗ ತೂಕಡಿಕೆಯ ಬದಲು ಹರಟೆಯ ದೂರು ಹೇಳಿಕಳಿಸಿದರು. ಆ ದೂರು ಕೇಳಿ ಅಮ್ಮನಿಗೆ ಸಕ್ಕರೆ ತಿಂದಷ್ಟು ಸಂತೋಷವಾಯಿತು. ಔಷಧಿ ಹಿಡಿಯಿತಲ್ಲ ಎಂದು ಗಂಡ ಫೋನಿನಲ್ಲಿ ಹೊಟ್ಟೆಹುಳವನ್ನು ಬೈದ. ಅವಳು ಹೌದೆಂದಳು.

ಆದರೆ ಕಪಾಟಿನಲ್ಲಿ ನಾಲ್ಕನೆಯ ಅಚ್ಚು ಉಳಿದಿತ್ತು. ಮಾಡಿದ ತಪ್ಪನ್ನು ಮುಕ್ಕಾಲು ತಿದ್ದಿ ಬಿಡುವುದು ಅವಳ ಸ್ವಭಾವವಲ್ಲ. ಇವತ್ತು ಕತ್ತಲೆಯಲ್ಲಿರುವ ಕಣ್ಣು ನಾಳೆ ಬೆಳಕಿಗೆ ಬಂದರೆ? ವಾಚ್‌ಮನ್ ತಾತ ರಾತ್ರಿ ಪಾಳಿ ಬಿಟ್ಟು ಮಗನ ಮನೆ ಸೇರಿದ್ದರು. ಮಲಗುವಾಗ ಕಣ್ಣು ತೆಗೆದು ಡಬ್ಬಿಯಲ್ಲಿಡುವ ಅಭ್ಯಾಸವಿದೆಯೇನೋ, ಅದಕ್ಕೇ ಬರೀ ಕತ್ತಲೆ ಎಂದು ಅವಳು ಎಣಿಸಿದ್ದಳು. ಫೋನು ಯಾರೂ ಎತ್ತದಿದ್ದುದರಿಂದ ಒಂದು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ತಾನೇ ಹೊರಟಳು.

ಬಾಗಿಲು ತೆರೆದವಳು ತಾತನ ಸೊಸೆ. ಕಣ್ಣಕ್ಕನ ಗುರುತು ಹತ್ತಿ ಒಳಗೆ ಕರೆದು ಕೂರಿಸಿದಳು. ಗೋಡೆಯ ಮೇಲೆ ತಾತನ ಫೋಟೋ ಇತ್ತು. ಅದರಲ್ಲಿ ಎರಡು ಕಣ್ಣುಗಳೂ ನೆಟ್ಟಗೆ ನೋಡುತ್ತಿದ್ದವು. ‘ಶಾಲೆ ಶುರುವಾಗೋಕೆ ಮುಂಚೇನೇ ಹೋಗ್ಬಿಟ್ರು’ ಎಂದಳು ಸೊಸೆ. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ನಿಮ್ಮ ಕಣ್ಣಿನಿಂದ ಕೊನೆಗಾಲದಲ್ಲಿ ಎಷ್ಟು ಖುಷಿಯಾಗಿದ್ದರೆಂದು ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ಆ ಕಣ್ಣು?’ ಎಂದಳು ಕಣ್ಣಕ್ಕ.

‘ತೆಗೀಬೇಕೇನೋ ಅಂದ್ರು ಯಾರೋ. ನಮ್ಮನೆಯವರು ಬೇಡ ಅಂದ್ರು. ಅದನ್ನ ತೆಗೆದ್ರೆ ಅಪ್ಪ ಅಪ್ಪನ ಹಾಗೆ ಕಾಣಲ್ಲ ಅಂದ್ರು. ಹಾಗೇ ಮಣ್ಣು ಮಾಡಿದ್ವಿ.’

ಅವಳು ಹೇಗೆ ವಾಪಸ್ಸು ಬಂದಳೋ ಅವಳಿಗೇ ಗೊತ್ತಿಲ್ಲ. ಕನ್ನಡಕದಣ್ಣ ಏನೋ ತಮಾಷೆ ಮಾಡಿದ್ದು ಕಿವಿಗೆ ಬೀಳಲಿಲ್ಲ. ಕೋಣೆಯಲ್ಲಿ ಕೂತು ನಾಲ್ಕನೆಯ ಅಚ್ಚನ್ನು ಕೈಗೆತ್ತಿಕೊಂಡಳು. ಇಷ್ಟು ದಿನವೂ ಮಗಳು ಕಣ್ಣು ಮುಚ್ಚಿದಾಗಲೆಲ್ಲ ಎಲ್ಲಿರುತ್ತಿದ್ದಳು ಎಂಬುದನ್ನು ಯೋಚಿಸಬಾರದೆಂದುಕೊಂಡರೂ ಯೋಚಿಸಿದಳು. ಮಗುವಿಗೆ ಹೇಳುವುದು ಬೇಡವೆಂದು ಮಾತ್ರ ನಿರ್ಧರಿಸಿದಳು.

ಶನಿವಾರದ ಅರ್ಧದಿನ ಶಾಲೆ ಮುಗಿಸಿ ಮಧ್ಯಾಹ್ನ ಬಂದ ಕಡ್ಡಿ ಊಟ ಮಾಡಿ, ಕೈ ತೊಳೆದು, ಚಾಪೆ ಬಿಡಿಸಿದಳು. ಅಮ್ಮನ ಕೈಯಲ್ಲಿದ್ದ ಅಚ್ಚನ್ನು ನೋಡಿದಳು.

‘ತಾತನ ಮನೆಗೆ ಹೋಗಿದ್ಯಾ?’

‘ಹೋಗಿದ್ದೆ. ಅವರು ಸಿಗಲಿಲ್ಲ.’

‘ಮನೇಲಿ ಎಲ್ಲಿ ಸಿಗ್ತಾರೆ?’ ಎಂದು ಕಡ್ಡಿ ದಿಂಬನ್ನು ತಟ್ಟಿ ಸರಿಮಾಡಿಕೊಂಡಳು. ‘ಅದೊಂದು ಇರಲಿ ಬಿಡಮ್ಮ. ಅದಿದ್ರೇನೇ ನಂಗೆ ನಿದ್ದೆ.’

ಅಮ್ಮ ಅಚ್ಚನ್ನು ಕಪಾಟಿನಲ್ಲಿಟ್ಟು ಬಂದು ಮಗಳ ಪಕ್ಕ ಕೂತಳು. ಕೂದಲು ಸವರುತ್ತ ಕೇಳಿದಳು: ‘ಭಯ ಆಗಲ್ವಾ, ಕಂದಾ?’

‘ಇಲ್ಲ. ತಂಪಾಗಿದೆ. ಈಗ ಒಂದು ಬೇರು ಬಂದಿದೆ. ಸಣ್ಣದು, ನಾನು ರೇಷ್ಮೆ ಎಳೆ ಬಿಡಿಸ್ತೀನಲ್ಲ, ಅಷ್ಟು.’

‘ಅಷ್ಟು ಕತ್ತಲಲ್ಲಿ ಹೇಗೆ ಕಾಣುತ್ತೆ?’

‘ಕಾಣಲ್ಲ,’ ಎಂದಳು ಕಡ್ಡಿ, ಆಕಳಿಸುತ್ತ. ‘ತಾಗುತ್ತೆ.’

ಆಕಳಿಕೆ ಮುಗಿಯುವುದರೊಳಗೆ ನಿದ್ದೆ ಹತ್ತಿತ್ತು. ಕೆನ್ನೆ ಮತ್ತೆ ತುಂಬಿಕೊಳ್ಳುತ್ತಿತ್ತು, ಕಣ್ಣಿನ ಸುತ್ತಲಿನ ಕಪ್ಪು ಹೋಗಿತ್ತು. ಉಸಿರು ಸಮವಾಗಿ ಏರಿ ಇಳಿಯುತ್ತಿತ್ತು. ಅವಳ ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ಜೇನುಬಣ್ಣದ ಚುಕ್ಕೆ ಕಾಣುತ್ತಿತ್ತು. ಅಮ್ಮ ಬಗ್ಗಿ ಅದರ ನೇರಕ್ಕೆ ಮುಖ ತಂದಳು. ಅದು ಅವಳನ್ನು ನೋಡಲಿಲ್ಲ.

ಮೇಜಿನ ಮೇಲೆ ಅರ್ಧ ಬರೆದ ಕಣ್ಣೊಂದು ಕಾಯುತ್ತಿತ್ತು. ಬೆಳಕು ಇಳಿಯುವ ಮೊದಲು ಮುಗಿಸಬೇಕಿತ್ತು. ಕಿಟಕಿಯ ಬಿಸಿಲು ಮೆಲ್ಲಗೆ ಚಾಪೆಯ ಕಡೆ ಸರಿದುಬರುತ್ತಿತ್ತು. ಅವಳು ಏಳಲಿಲ್ಲ. ಆ ಬೆಳಕು ಮಗಳ ಮುಖಕ್ಕೆ ಬೀಳದಂತೆ, ಕಿಟಕಿಗೆ ಬೆನ್ನು ಕೊಟ್ಟು, ಅಲ್ಲಿಯೇ ಕೂತಳು.